ಬೆಕ್ವೆರೆಲ್: ಯಾವುದರಲ್ಲಿ, ಎಷ್ಟರಲ್ಲಿ?

'ಕಾಡಿನಲ್ಲಿ 8,000 ಬೆಕ್ವೆರೆಲ್ ವಿಕಿರಣ'. 2011ರಲ್ಲಿ ಅಣುಸ್ಥಾವರ ಅಪಘಾತವಾದ ಜಪಾನಿನ ಫುಕುಶಿಮಾದ ಸುದ್ದಿಯಲ್ಲಿ ಇಂಥ ಸಾಲು ಮತ್ತೆ ಮತ್ತೆ ಕಾಣುತ್ತದೆ. ಬಂಗುಡೆ ಇನ್ನೂರು ಅಂದರೆ ಮಲ್ಪೆಯಲ್ಲಿ ಕಿಲೋಗೋ ಬುಟ್ಟಿಗೋ ಎಂದು ಕೇಳದೆ ಯಾರೂ ಚೀಲ ಬಿಚ್ಚುವುದಿಲ್ಲ. ಇಲ್ಲಿ ಮಾತ್ರ ಆ ಪ್ರಶ್ನೆಯೇ ಇಲ್ಲ.

ಸೆಕೆಂಡಿಗೆ ಒಂದು ಪರಮಾಣು ಕ್ಷಯಿಸಿದರೆ ಒಂದು ಬೆಕ್ವೆರೆಲ್. ಮೈಗೆ ತಾಗುವುದರ ಲೆಕ್ಕ ಬೇರೆ, ಅದು ಸೀವರ್ಟ್. ಹಳೆಯ ಮಾನ ಕ್ಯೂರಿ, ಅಂದರೆ 3,700 ಕೋಟಿ ಬೆಕ್ವೆರೆಲ್. ಚೆರ್ನೋಬಿಲ್ ನಂತರ ಮಲಿನ ನೆಲಕ್ಕೆ ಹಾಕಿದ ಗೆರೆ ಚದರ ಮೀಟರಿಗೆ 37,000 ಬೆಕ್ವೆರೆಲ್ ಎಂಬ ವಿಚಿತ್ರ ಸಂಖ್ಯೆಯಾದದ್ದು ಇದರಿಂದಲೇ: ಚದರ ಕಿಲೋಮೀಟರಿಗೆ ಒಂದು ಕ್ಯೂರಿ.

8,000 ಕಾಡಿನ ಅಳತೆಯೇ ಅಲ್ಲ. ಜಪಾನಿನಲ್ಲಿ ಕಸ, ಬೂದಿ, ಕೆಸರಿಗೆ ಇಟ್ಟ ಮಿತಿ ಅದು: ಸ್ಥಾವರದಿಂದ ಹೊರಬಿದ್ದ ವಿಕಿರಣಶೀಲ ಸೀಸಿಯಂನ ಎರಡು ರೂಪಗಳು, ಸೀಸಿಯಂ-134 ಮತ್ತು 137 ಸೇರಿ, ಕಿಲೋಗೆ. ಕಿಲೋ ಎಂದರೂ ಮುಗಿಯಲಿಲ್ಲ, ಹಸಿಯೋ ಒಣಗಿದ್ದೋ? ಹಸಿ ಅಡಿಕೆಯ ತೂಕಕ್ಕೆ ಚಾಲಿಯ ದರ ಹಚ್ಚುವವರು ಪುತ್ತೂರಿನಲ್ಲಿ ಸಿಗಲಾರರು. ಒಂದು ಕಿಲೋ ಒದ್ದೆ ತರಗೆಲೆಯಲ್ಲಿ 4,000 ಇದೆ ಎನ್ನೋಣ. ಒಣಗಿ 400 ಗ್ರಾಂ ಆದರೆ ಅದೇ ಎಲೆ ಕಿಲೋಗೆ 10,000. ಸೀಸಿಯಂ ಒಂದು ಕಣವೂ ಹೆಚ್ಚಲಿಲ್ಲ, ಮಿತಿ ಮಾತ್ರ ದಾಟಿತು. ಸುಟ್ಟರೆ ಇನ್ನೂ ಏರುತ್ತದೆ: ಕುಲುಮೆಯ ಬಿಸಿಗೆ ಆವಿಯಾದ ಸೀಸಿಯಂ ಹೊಗೆ ತಣಿಯುವಾಗ ಹಾರುಬೂದಿಗೆ ಅಂಟಿಕೊಳ್ಳುತ್ತದೆ.

ಕಾಡಿಗೆ ಬೇಕಾದದ್ದು ಚದರ ಮೀಟರಿನ ಲೆಕ್ಕ. ಬದಿಗೆ 25 ಸೆಂಟಿಮೀಟರಿನ ಚೌಕ ಚೌಕಟ್ಟಿಟ್ಟು ಒಳಗಿನ ತರಗೆಲೆಯನ್ನೆಲ್ಲ ಬಾಚಿ, ಒಣಗಿಸಿ, ತೂಗಿ, ಅಳೆದು 16ರಿಂದ ಗುಣಿಸಬೇಕು. ಕೆಳಗಿನ ಮಣ್ಣು ಪದರ ಪದರವಾಗಿ ಬೇರೆ. ಎಲೆ ಎಲ್ಲಿ ಮುಗಿಯಿತು, ಮಣ್ಣು ಎಲ್ಲಿ ಶುರು ಎಂಬಲ್ಲೇ ಕೈ ತಪ್ಪುವುದು. ಮೇಲಿನ ಪದರ ಕೊಯ್ದ ಚಾಕುವನ್ನು ಒರೆಸದೆ ಕೆಳಗಿನದಕ್ಕೆ ಹಾಕಿದರೆ ಸೀಸಿಯಂ ಆಳಕ್ಕೆ ಇಳಿದಂತೆ ಸುಳ್ಳು ಚಿತ್ರ ಸಿಗುತ್ತದೆ. ನಿಜದಲ್ಲಿ ಜೇಡಿ ಕಣಗಳು ಅದನ್ನು ಮೇಲಿನ ಕೆಲವು ಸೆಂಟಿಮೀಟರಿನಲ್ಲೇ ಹಿಡಿದಿಟ್ಟಿರುತ್ತವೆ. ಅಳೆಯುವ ಡಬ್ಬಿಗೆ ಮಾದರಿಯನ್ನು ಅರ್ಧ ತುಂಬಿ, ಪೂರ್ತಿ ತುಂಬಿದ ಡಬ್ಬಿಗೆಂದು ಹೊಂದಿಸಿದ ಲೆಕ್ಕ ಹಚ್ಚಿದರೂ ಉತ್ತರ ತಪ್ಪು.

ಕೈಯಲ್ಲಿ ಹಿಡಿಯುವ ವಿಕಿರಣ ಮೀಟರಿನಿಂದ ಇದಾವುದೂ ಆಗದು. ಅದನ್ನು ಉಳ್ಳಾಲದ ಕಡಲತೀರಕ್ಕೆ ಒಯ್ದರೂ ಮುಳ್ಳು ಏರುತ್ತದೆ. ಅದಕ್ಕೆ ಕಾರಣ ಮರಳಿನ ಮೊನಜೈಟ್ ಎಂಬ ಖನಿಜದಲ್ಲಿ ಸಹಜವಾಗಿಯೇ ಇರುವ ವಿಕಿರಣಶೀಲ ಥೋರಿಯಂ. ಸೀಸಿಯಂ-137 ಎನ್ನಬೇಕಾದರೆ ಗ್ಯಾಮಾ ಕಿರಣಗಳನ್ನು ಶಕ್ತಿಯ ಪ್ರಕಾರ ಬಿಡಿಸಿ ತೋರಿಸುವ ರೋಹಿತದಲ್ಲಿ 662 ಕಿಲೋ ಎಲೆಕ್ಟ್ರಾನ್‌ವೋಲ್ಟಿನ ಶಿಖರ ಕಾಣಬೇಕು.