ಹಸುವಿನ ಹಲ್ಲಿನ ಸಂಗೀತಕ್ಕೆ 12ರ ಲೆಕ್ಕ

ಮೇಕೆಯೊಂದು ಹಾಡಿನ ಸ್ವರಲಿಪಿಯನ್ನೇ ಮೇದುಬಿಡುತ್ತದೆ. ಅದರ ಬಾಲವನ್ನು ಗ್ರಾಮಫೋನಿನ ಹಿಡಿಯಂತೆ ತಿರುಗಿಸಿದರೆ ಬಾಯಿಂದ ‘ಟರ್ಕಿ ಇನ್ ದ ಸ್ಟ್ರಾ’ ಎಂಬ ಅಮೆರಿಕದ ಹಳ್ಳಿ ಹಾಡು ಹೊರಡುತ್ತದೆ. ಬಾತನ್ನು ಕಂಕುಳಲ್ಲಿ ಅಮುಕಿದರೆ ಅದೇ ಚೀಲವಾದ್ಯ. ಹಸುವಿನ ಹಲ್ಲಿನ ಸಾಲು ಕೋಲಿನಿಂದ ಬಡಿದು ನುಡಿಸುವ ಕಾಷ್ಠತರಂಗ. 1928ರ ನವೆಂಬರ್ 18ರಂದು ನ್ಯೂಯಾರ್ಕಿನ ಕಾಲೊನಿ ಥಿಯೇಟರಿನಲ್ಲಿ ತೆರೆಕಂಡ ಡಿಸ್ನಿಯ ಕಾರ್ಟೂನ್ ‘ಸ್ಟೀಮ್‌ಬೋಟ್ ವಿಲ್ಲಿ’ ಎಂಟು ನಿಮಿಷವೂ ಇಲ್ಲ. ಹೆಸರು ಬಂದದ್ದು ಮಿಕಿ ಮೌಸ್‌ಗೆ. ದುಡಿದದ್ದು ಮಾತ್ರ ದೊಡ್ಡಿಯ ಪ್ರಾಣಿಗಳು.

ಶಬ್ದವಿದ್ದ ಮೊದಲ ಕಾರ್ಟೂನ್ ಇದಲ್ಲ. ಅಮೆರಿಕದ ಇನ್ನೊಂದು ಕಾರ್ಟೂನ್ ತಂಡದ ಫ್ಲೈಶರ್ ಸಹೋದರರು ಕೆಲವು ವರ್ಷ ಮೊದಲೇ ಹಾಡಿನ ಕಾರ್ಟೂನ್‌ಗಳನ್ನು ತಂದಿದ್ದರು. ಇಲ್ಲಿ ಹೊಸತೆಂದರೆ, ಚಿತ್ರ ಬರೆಯುವ ಮೊದಲೇ ತಾಳದ ಲೆಕ್ಕ ಹಾಕಿದ್ದು.

ಮೂಕಿ ಚಿತ್ರಗಳ ವೇಗ ಊರಿಗೊಂದು ಥರ. ಶಬ್ದ ಬಂದ ಮೇಲೆ ಸೆಕೆಂಡಿಗೆ 24 ಫ್ರೇಮ್ (ಫಿಲ್ಮಿನ ಒಂದೊಂದು ಚಿತ್ರಚೌಕ), ಅಂದರೆ ನಿಮಿಷಕ್ಕೆ 90 ಅಡಿ ಫಿಲ್ಮ್ ಎಂದು ನಿಗದಿಯಾಯಿತು. ಡಿಸ್ನಿಯ ಯುವ ಕಲಾವಿದ ವಿಲ್ಫ್ರೆಡ್ ಜಾಕ್ಸನ್ ತಾಳ ಹಾಕುವ ಯಂತ್ರವಾದ ಮೆಟ್ರೊನೋಮ್ ತಂದಿಟ್ಟು, ತಾಳದ ಒಂದೊಂದು ಪೆಟ್ಟಿಗೂ ಎಷ್ಟು ಫ್ರೇಮ್ ಎಂದು ಎಣಿಸುವ ದಾರಿ ತೋರಿದರು. ನಿಮಿಷಕ್ಕೆ 120 ಪೆಟ್ಟಾದರೆ ಪೆಟ್ಟಿಗೆ ಸರಿಯಾಗಿ 12 ಫ್ರೇಮ್. 12 ಬಹಳ ಒಳ್ಳೆಯ ಸಂಖ್ಯೆ: ಎರಡಾಗಿ, ಮೂರಾಗಿ, ನಾಲ್ಕಾಗಿ ಮುರಿದರೂ ಚೂರು ಉಳಿಯದು. ಅರ್ಧ ಪೆಟ್ಟಿಗೆ 6, ಕಾಲು ಪೆಟ್ಟಿಗೆ 3.

ನಿಮಿಷಕ್ಕೆ 100 ಪೆಟ್ಟು ಬೇಕೆಂದರೆ ಪೇಚು ಶುರು. ಆಗ ಪೆಟ್ಟಿಗೆ 14.4 ಫ್ರೇಮ್, ಫ್ರೇಮನ್ನು ಹೋಳು ಮಾಡಲಾಗದು. 14ಕ್ಕೇ ಬರೆದರೆ ಹತ್ತು ಪೆಟ್ಟಿನಲ್ಲಿ 4 ಫ್ರೇಮ್ ಕಳೆದು, ಕೋಲು ಹಲ್ಲಿಗೆ ತಾಗಿ ಸೆಕೆಂಡಿನ ಆರನೇ ಒಂದು ಭಾಗವಾದ ಮೇಲೆ ‘ಟಣ್’ ಎನ್ನುತ್ತದೆ. ಆದ್ದರಿಂದ 12, 10, 8ರಂಥ ಇಡೀ ಸಂಖ್ಯೆಗಳಿಗೆ ಸಂಗೀತವೇ ತಗ್ಗಬೇಕು. ಇನ್ನೊಂದು ತೊಡಕೂ ಇದೆ: ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮ್ ತೆಗೆಯುವುದು ಕೆಲಸ ಉಳಿಸುವ ಉಪಾಯ. 3 ಫ್ರೇಮಿಗೊಮ್ಮೆ ಪೆಟ್ಟು ಬಿದ್ದರೆ ಆ ಜೋಡಿ ಮುರಿಯುತ್ತದೆ. ತಾಗುವ ಚಿತ್ರವನ್ನು ಒಂಟಿ ಫ್ರೇಮಿಗೆ ಬರೆಯಲೇಬೇಕು.

ಧ್ವನಿಮುದ್ರಣ ಇನ್ನೂ ಕಷ್ಟದ್ದು. ವಾದ್ಯ, ಸೀಟಿ, ಪ್ರಾಣಿಗಳ ಕೂಗು ಎಲ್ಲವೂ ಒಟ್ಟಿಗೇ ಮುದ್ರಣವಾಗಬೇಕು. ಒಬ್ಬ ಎಡವಿದರೆ ಮೊದಲಿಂದ ಶುರು. ಸೆಪ್ಟೆಂಬರಿನ ಮೊದಲ ಪ್ರಯತ್ನ ಹಾಳಾಯಿತು: ವಾದ್ಯವೃಂದ ಚಿತ್ರದ ಜೊತೆ ಹೆಜ್ಜೆ ಹಾಕಲಿಲ್ಲ. ಎರಡನೇ ಸಲ ವಾದ್ಯಗಾರರನ್ನು ಕಡಿಮೆ ಮಾಡಿ, ತಾಳಕ್ಕೆ ತಕ್ಕಂತೆ ಪುಟಿಯುವ ಚೆಂಡೊಂದನ್ನು ಫಿಲ್ಮಿನಲ್ಲೇ ಮೂಡಿಸಿದರು. ವಾದ್ಯವೃಂದ ನಡೆಸುವವನ ಕಣ್ಣು ಚೆಂಡಿನ ಮೇಲೆ, ಕೈ ವಾದ್ಯಗಾರರ ಕಡೆ. ಇದಕ್ಕೆ ಹಣ ಹೊಂದಿಸಲು ವಾಲ್ಟ್ ಡಿಸ್ನಿ ತಮ್ಮ ಕಾರನ್ನೇ ಮಾರಿಸಿದರು.

ಇಷ್ಟಾದರೂ ಪ್ರೊಜೆಕ್ಟರಿನಲ್ಲಿ ತಾಳ ತಪ್ಪಬಹುದು. ದೀಪದ ಮುಂದೆ ಫಿಲ್ಮ್ ನಿಂತು ನಿಂತು ಸಾಗಬೇಕು; ಅದೇ ಫಿಲ್ಮಿನ ಅಂಚಿನಲ್ಲಿ ಮುದ್ರಿಸಿದ ಧ್ವನಿಯನ್ನು ಓದುವ ಕಡೆ ಒಂದೇ ಸಮನೆ ಹರಿಯಬೇಕು, ಇಲ್ಲವಾದರೆ ಸ್ವರ ನಡುಗುತ್ತದೆ. ಹಾಗಾಗಿ ಎರಡನ್ನೂ ದೂರ ಇಟ್ಟು, ನಡುವೆ ಫಿಲ್ಮಿನ ಸಡಿಲ ಕುಣಿಕೆ ಬಿಡುತ್ತಾರೆ. 35 ಮಿ.ಮೀ. ಫಿಲ್ಮಿನಲ್ಲಿ ಶಬ್ದವು ಅದರ ಚಿತ್ರಕ್ಕಿಂತ ಸುಮಾರು 20 ಫ್ರೇಮ್, ಎಂದರೆ 38 ಸೆಂ.ಮೀ. ಮುಂದಿರುತ್ತದೆ. ಕುಣಿಕೆ ನಾಲ್ಕು ಫ್ರೇಮ್ ಉದ್ದವಾಯಿತೋ, ಪೆಟ್ಟು ಕಂಡು ಆರನೇ ಒಂದು ಸೆಕೆಂಡಾದ ಮೇಲೆ ಹಸುವಿನ ಹಲ್ಲು ನುಡಿಯುತ್ತದೆ.

ಒಂದು ಫ್ರೇಮ್ ಸುಮಾರು 42 ಮಿಲಿಸೆಕೆಂಡ್. ಅಷ್ಟರಲ್ಲಿ ಶಬ್ದ ಗಾಳಿಯಲ್ಲಿ 14 ಮೀಟರ್ ಹೋಗುತ್ತದೆ. ಪರದೆಯಿಂದ 28 ಮೀಟರ್ ದೂರ ಕುಳಿತವರಿಗೆ ಹೇಗಿದ್ದರೂ ಎರಡು ಫ್ರೇಮ್ ತಡ. ಅವರಿಗೆ ಅದು ತಿಳಿಯುವುದೇ ಇಲ್ಲ. ದೂರದ ಅಗಸನ ಬಟ್ಟೆ ಕಲ್ಲಿಗೆ ಬಡಿದ ಮೇಲೇ ಸದ್ದು ಕೇಳುವುದು ನಮಗೆ ರೂಢಿ. ಸದ್ದು ಮೊದಲು ಬಂದರೆ ಮಾತ್ರ ತಟ್ಟನೆ ಕಿವಿ ನಿಮಿರುತ್ತದೆ. ಅದಕ್ಕೇ ಅನುಮಾನ ಬಂದಾಗ ಅನಿಮೇಟರುಗಳು ಚಿತ್ರದ ಪೆಟ್ಟನ್ನು ಶಬ್ದಕ್ಕಿಂತ ಒಂದೆರಡು ಫ್ರೇಮ್ ಮೊದಲೇ ಹಾಕುತ್ತಾರೆ.