ಲೂಯಿ ದೊರೆಗಳ ಹೆಸರಿನ ಷೋಕೇಸು

ಹಳೆಯ ಪೀಠೋಪಕರಣಗಳ ಹರಾಜುಪಟ್ಟಿಗಳಲ್ಲಿ ‘ಹದಿನೈದನೇ ಲೂಯಿ ಶೈಲಿ’ಯ ಗಾಜಿನ ಬೀರು ಆಗಾಗ ಕಣ್ಣಿಗೆ ಬೀಳುತ್ತದೆ. ಹೊಟ್ಟೆ ಉಬ್ಬಿದ ಮೈ, ಬಾಗಿದ ಗಾಜು, ಅಂಚಿಗೆಲ್ಲ ಚಿನ್ನದ ಮುಲಾಮಿನ ಕಂಚಿನ ಬಳ್ಳಿ. ಆದರೆ ಇವುಗಳಲ್ಲಿ ಹೆಚ್ಚಿನವು ಆ ಫ್ರೆಂಚ್ ದೊರೆ ಸತ್ತು ನೂರು ವರ್ಷ ಕಳೆದ ಮೇಲೆ ತಯಾರಾದವು. ಪಿಂಗಾಣಿ, ಬೀಸಣಿಗೆಗಳನ್ನು ಇಟ್ಟು ತೋರಿಸುವುದಕ್ಕೆಂದೇ ಇಂಥ ಬೀರು ಮನೆಮನೆಗೆ ಬಂದದ್ದು ಹತ್ತೊಂಬತ್ತನೇ ಶತಮಾನದ ಸಿರಿವಂತರ ಕಾಲದಲ್ಲಿ. ಹಾಗಾಗಿ ಇವುಗಳನ್ನು ‘ನಕಲು’ ಎಂದು ತಳ್ಳಿಹಾಕುವುದು ನನಗೆ ಸರಿಕಾಣುವುದಿಲ್ಲ.

ಫ್ರೆಂಚ್ ಕ್ರಾಂತಿಗೆ ಮುಂಚೆ ಪ್ಯಾರಿಸ್ಸಿನ ಕಸುಬುಗಳೆಲ್ಲ ಸಂಘಗಳ ಹಿಡಿತದಲ್ಲಿದ್ದವು. ಮರಗೆಲಸದವನು ಕಂಚು ಎರಕ ಹೊಯ್ಯುವಂತಿರಲಿಲ್ಲ, ಎರಕದವನು ಮರ ಮುಟ್ಟುವಂತಿರಲಿಲ್ಲ. 1791ರಲ್ಲಿ ಈ ಸಂಘಗಳು ರದ್ದಾದವು. 1793–94ರಲ್ಲಿ ವರ್ಸೈ ಅರಮನೆಯ ಸಾಮಾನುಗಳು ಹರಾಜಾದವು: 17,000ಕ್ಕೂ ಹೆಚ್ಚು ಬಾಬತ್ತು! ಮುಂದೆ ಮೂರನೇ ನೆಪೋಲಿಯನ್‌ನ ರಾಣಿ ಯುಜೆನಿಗೆ ಕ್ರಾಂತಿಯಲ್ಲಿ ತಲೆ ಕಳೆದುಕೊಂಡ ರಾಣಿ ಮಾರಿ ಆಂಟ್ವಾನೆಟ್ ಮೇಲೆ ಅದೆಂಥ ಮೋಹವೆಂದರೆ, ಹಳೆಯ ರಾಜಶೈಲಿ ಮತ್ತೆ ಫ್ಯಾಷನ್ ಆಯಿತು. ಮೂಲ ವಸ್ತು ಎಷ್ಟು ಜನರಿಗೆ ಸಿಕ್ಕೀತು? ಬೇಡಿಕೆಯೆಲ್ಲ ಕುಶಲಕರ್ಮಿಗಳ ಕಡೆಗೆ ಹರಿಯಿತು.

ಸಂಘಗಳ ಕಟ್ಟು ಹೋಗಿದ್ದರಿಂದ ಒಂದೇ ಕಾರ್ಖಾನೆಯಲ್ಲಿ ಮರಗೆಲಸವನ್ನೂ ಕಂಚಿನ ಕೆಲಸವನ್ನೂ ಮಾಡಬಹುದಿತ್ತು. ಬೋರ್ಡ್ಲೆ, ಡಾಸೋಂ, ಸೊರ್ಮಾನಿ, ಝ್ವೀನರ್ ಹೆಸರು ಮಾಡಿದ್ದು ಹೀಗೆ. ಒಳ್ಳೆಯ ಮುಲಾಮಿಗೆ ಚಿನ್ನವನ್ನು ಪಾದರಸದಲ್ಲಿ ಕಲಸಿ, ಕಂಚಿಗೆ ಬಳಿದು, ಕಾಯಿಸುತ್ತಿದ್ದರು. ಪಾದರಸ ಆವಿಯಾಗಿ ಚಿನ್ನ ಉಳಿಯುತ್ತಿತ್ತು, ಆವಿ ಕೆಲಸಗಾರನ ಎದೆಗೆ ಇಳಿಯುತ್ತಿತ್ತು. 1840ರ ನಂತರ ವಿದ್ಯುತ್ತಿನಿಂದ ಮುಲಾಮು ಹಾಕುವ ಅಗ್ಗದ ವಿಧಾನ ಬಂತು. ಆದರೂ ಬೋರ್ಡ್ಲೆಯಂಥವರು ಪಾದರಸವನ್ನು ಬಿಡಲಿಲ್ಲ.

‘ಫ್ರೆಂಚ್’ ಎನ್ನುವ ಈ ಕೆಲಸದಲ್ಲಿ ಹೊರಗಿನವರ ಕೈ ದೊಡ್ಡದು. ಸೊರ್ಮಾನಿ ಇಟಲಿಯಿಂದ ಬಂದವನು, ಝ್ವೀನರ್ ಜರ್ಮನಿಯವನು. ಎಲ್ಲರಿಗಿಂತ ಹೆಸರಾದ ಫ್ರಾಂಸ್ವಾ ಲಿಂಕ್ ಹುಟ್ಟಿದ್ದು 1855ರಲ್ಲಿ, ಬೊಹೀಮಿಯಾದಲ್ಲಿ. ಮರಗೆಲಸದವರ ಕೇರಿಯಾದ ಫೋಬೂರ್ ಸೇಂತ್ ಆಂತ್ವಾನ್‌ನಲ್ಲಿ 1881ರ ಹೊತ್ತಿಗೆ ಅವನದೇ ಕಾರ್ಖಾನೆಯಿತ್ತು. ಝ್ವೀನರ್ ಬರ್ಲಿನ್ನಿಗೆ ಹೊರಟಾಗ, ಅವನಿಗೆ ಕಂಚಿನ ಮಾದರಿ ಮಾಡಿಕೊಡುತ್ತಿದ್ದ ಶಿಲ್ಪಿ ಲಿಯೋಂ ಮೆಸಾಜೆ ಲಿಂಕ್‌ನ ಜೊತೆಗೂಡಿದ. 1900ರ ಪ್ಯಾರಿಸ್ ಜಾಗತಿಕ ಪ್ರದರ್ಶನಕ್ಕೆ ಲಿಂಕ್ ತನ್ನ ದುಡ್ಡನ್ನೆಲ್ಲ ಪಣಕ್ಕಿಟ್ಟ. ಮೆಸಾಜೆಯ ಹೆಣ್ಣುರೂಪಗಳು, ನೀರಲೆಗಳು ಮರದ ಅಂಚಿಗೆ ನಿಲ್ಲದೆ ಮೈತುಂಬ ಹರಿದವು. ಲೂಯಿ ಕಾಲದ ಬಾಗು ಆಗಿನ ಹೊಸ, ಬಳ್ಳಿಯಂತೆ ಬಳುಕುವ ಗೆರೆಗಳ ಕಲಾಶೈಲಿ ‘ಆರ್ಟ್ ನೂವೊ’ದೊಂದಿಗೆ ಕೈಜೋಡಿಸಿದಂತಿತ್ತು. ಚಿನ್ನದ ಪದಕ ಬಂತು. ಮರುವರ್ಷವೇ ಮೆಸಾಜೆ ತೀರಿಕೊಂಡ. ಮುಂದೆ ಈಜಿಪ್ಟಿನ ದೊರೆ ಫುಆದ್‌ನ ಅಲೆಕ್ಸಾಂಡ್ರಿಯಾದ ಅರಮನೆಗೂ ಲಿಂಕ್ ಪೀಠೋಪಕರಣ ಒದಗಿಸಿದ.

ಕೊಳ್ಳುವವರು ಇಂದಿಗೂ ಮೊದಲು ನೋಡುವುದು ಕಂಚನ್ನೇ. ಬಳ್ಳಿಯ ಹೂವೆಲ್ಲ ಉಳಿಯಲ್ಲಿ ತಿದ್ದಿ ಚೂಪಾಗಿವೆಯೇ, ಎರಕದ ಮೊಂಡು ಅಂಚು ಹಾಗೇ ಉಳಿದಿದೆಯೇ? ಲಿಂಕ್ ಮಾಡಿದ್ದಾದರೆ ಬೀಗದ ಮೇಲೆ ಅವನ ಹೆಸರು ಇರಬಹುದು. ಸಹಿ ಇಲ್ಲದ ಒಳ್ಳೆಯ ಬೀರುಗಳೂ ಬೇಕಾದಷ್ಟಿವೆ. ಅವುಗಳ ಬೆಲೆ ಮಾತ್ರ ಬೇರೆ.