ಕುಟುಂಬದ ಸ್ಕೂಬಾ ಪ್ರವಾಸ: ಟಿಕೆಟ್ ಕಾಯ್ದಿರಿಸುವ ಮುನ್ನ

ಅಂಡಮಾನಿಗೆ ಹೊರಡುವ ಕುಟುಂಬಗಳು ಸಾಮಾನ್ಯವಾಗಿ ಮೊದಲು ವಿಮಾನದ ಟಿಕೆಟ್, ಆಮೇಲೆ ಹೋಟೆಲ್ ಗೊತ್ತುಮಾಡಿ, ಉಳಿದ ಬಿಡುವಿನಲ್ಲಿ ಸ್ಕೂಬಾ ಡೈವಿಂಗ್ ಸೇರಿಸುತ್ತವೆ. ಈ ಕ್ರಮ ತಿರುಗಬೇಕೆಂಬುದು ಕಿವಿ, ಮೂಗು, ಗಂಟಲಿನ ವೈದ್ಯೆಯಾಗಿ ನನ್ನ ಸಲಹೆ: ಡೈವಿಂಗ್ ದಿನವನ್ನು ಮೊದಲು ನಿಗದಿಪಡಿಸಿ, ಮಿಕ್ಕಿದ್ದನ್ನು ಅದಕ್ಕೆ ಹೊಂದಿಸಿಕೊಳ್ಳಬೇಕು.

ಸಮುದ್ರದ ಮೇಲ್ಮೈಯಲ್ಲಿರುವ ಒತ್ತಡ 10 ಮೀಟರ್ ಆಳದಲ್ಲಿ ಎರಡು ಪಟ್ಟಾಗುತ್ತದೆ. ಆಗ ಕಿವಿತಮಟೆಯ ಹಿಂದಿರುವ ಗಾಳಿ ಕುಗ್ಗತೊಡಗುತ್ತದೆ. ಮೂಗಿನ ಹಿಂಭಾಗದಿಂದ ಅಲ್ಲಿಗೆ ಹೋಗುವ ಯೂಸ್ಟೇಷಿಯನ್ ನಾಳ ತೆರೆದು ಗಾಳಿ ಒಳಸೇರಿದರೆ ತೊಂದರೆಯಿಲ್ಲ. ತೆರೆಯದಿದ್ದರೆ ತಮಟೆ ಒಳಕ್ಕೆ ಜಗ್ಗಿ ನೋವಾಗುತ್ತದೆ, ರಕ್ತ ಒಸರುತ್ತದೆ, ಕೆಲವೊಮ್ಮೆ ತೂತೇ ಬೀಳುತ್ತದೆ. ಬಹಳ ಆಳಕ್ಕೆ ಇಳಿದರೆ ಮಾತ್ರ ಅಪಾಯ ಎಂಬ ನಂಬಿಕೆ ಸರಿಯಲ್ಲ, ಏಕೆಂದರೆ ಗಾಳಿಯ ಗಾತ್ರ ಅತಿ ಹೆಚ್ಚು ಬದಲಾಗುವುದು ಮೊದಲ ಕೆಲವು ಮೀಟರ್‌ಗಳಲ್ಲೇ.

ಚಿಕ್ಕ ಮಕ್ಕಳಲ್ಲಿ ಈ ನಾಳ ಗಿಡ್ಡ, ಕಿರಿದು, ಹೆಚ್ಚು ಅಡ್ಡವಾಗಿರುತ್ತದೆ. ಆದ್ದರಿಂದ ಡೈವಿಂಗ್‌ಗೆ ಹೊರಟ ಮಗುವಿಗೆ ಮೂಗು ಹಿಡಿದು, ಬಾಯಿ ಮುಚ್ಚಿ ಮೆಲ್ಲಗೆ ಊದಲು ಹೇಳಿ, ಅದೇ ಹೊತ್ತಿಗೆ ಕಿವಿಯೊಳಗನ್ನು ತೋರಿಸುವ ಓಟೋಸ್ಕೋಪಿನಲ್ಲಿ ತಮಟೆಯನ್ನು ನೋಡುತ್ತೇನೆ. ಮುತ್ತಿನ ಬಣ್ಣದ ಆ ತೆಳು ಪೊರೆ ನನ್ನ ಕಡೆಗೆ ತುಸು ಉಬ್ಬಿದರೆ ನಾಳ ತೆರೆಯುತ್ತಿದೆ ಎಂದರ್ಥ. ಇದನ್ನು ಮನೆಯಲ್ಲಿ ಮೊದಲೇ ರೂಢಿಸಿಕೊಂಡ ಮಗು ನೀರಿನಲ್ಲಿ ಗಾಬರಿಯಾಗುವುದು ಕಡಿಮೆ. ನೋವು ಶುರುವಾಗುವ ಮೊದಲೇ, ಇಳಿಯುವ ಪ್ರತಿ ಅರ್ಧ ಮೀಟರ್‌ಗೊಮ್ಮೆ ಹೀಗೆ ಮಾಡಬೇಕು. ನೋವಾದರೆ ಬಲವಾಗಿ ಊದದೆ, ಕೈಸನ್ನೆ ಮಾಡಿ ಕೊಂಚ ಮೇಲಕ್ಕೆ ಬರಬೇಕು.

ನೆಗಡಿಯಾದಾಗ ನಾಳ ಊದಿಕೊಂಡಿರುವುದರಿಂದ ಡೈವಿಂಗ್ ಬೇಡ. ಮೂಗಿಗೆ ಔಷಧಿ ಬಿಟ್ಟುಕೊಂಡು ಇಳಿಯುವವರಿದ್ದಾರೆ, ಆದರೆ ನೀರಿನಡಿಯಲ್ಲಿ ಅದರ ಪರಿಣಾಮ ಇಳಿದುಹೋದರೆ ಮೇಲಕ್ಕೆ ಬರುವಾಗ ಹಿಗ್ಗುವ ಗಾಳಿಗೆ ದಾರಿಯೇ ಇರುವುದಿಲ್ಲ. ಇದೇ ಕಾರಣಕ್ಕೆ ಅಂಡಮಾನಿನ ಸ್ವರಾಜ್ ದ್ವೀಪದಲ್ಲಿ, ಅಂದರೆ ಹಿಂದಿನ ಹ್ಯಾವ್‌ಲಾಕ್‌ನಲ್ಲಿ, ಡೈವಿಂಗ್‌ಗೆಂದು ಇಟ್ಟ ದಿನದ ಜೊತೆಗೆ ಇನ್ನೊಂದು ದಿನವನ್ನು ಖಾಲಿ ಬಿಡಲು ಹೇಳುತ್ತೇನೆ. ಆ ದಿನ ಬೇಕಾಗದಿದ್ದರೆ ರಾಧಾನಗರ ಕಡಲತೀರವಂತೂ ಇದ್ದೇ ಇದೆ.

ವಯಸ್ಸಿನ ವಿಷಯದಲ್ಲಿ ರಾಜಿ ಸಲ್ಲದು. ಡೈವಿಂಗ್ ತರಬೇತಿ ನೀಡುವ ಅಂತರರಾಷ್ಟ್ರೀಯ ಸಂಸ್ಥೆಯಾದ ಪಾಡಿಯ (PADI) ನಿಯಮದಂತೆ 8 ವರ್ಷ ತುಂಬಿದವರು 2 ಮೀಟರ್ ಆಳದೊಳಗಿನ ಪರಿಚಯ ಕಾರ್ಯಕ್ರಮಕ್ಕೆ, 10 ವರ್ಷ ತುಂಬಿದವರು 12 ಮೀಟರ್‌ವರೆಗಿನ ಪರಿಚಯ ಡೈವಿಂಗ್‌ಗೆ ಸೇರಬಹುದು. ಆದರೆ ವಯಸ್ಸಾಗಿದೆ ಎಂದ ಮಾತ್ರಕ್ಕೆ ಮಗು ಸಿದ್ಧವಾಗಿದೆ ಎಂದಲ್ಲ. ಬೇಡವೆನ್ನುವ ಮಗುವನ್ನು ಹಣ ಕಟ್ಟಿಯಾಗಿದೆ ಎಂದು ನೀರಿಗಿಳಿಸಬಾರದು. ಇನ್ನೂ ಚಿಕ್ಕವರಿದ್ದರೆ ತಂದೆ ತಾಯಿ ಸರದಿಯಂತೆ ಇಳಿಯಲಿ.

ಡೈವಿಂಗ್ ಕೇಂದ್ರ ಕೊಡುವ ಆರೋಗ್ಯ ಪ್ರಶ್ನಾವಳಿಯನ್ನು ಬೆಳಗಿನ ಅವಸರದಲ್ಲಿ ಎಲ್ಲಕ್ಕೂ ‘ಇಲ್ಲ’ ಎಂದು ತುಂಬಿಬಿಡುವ ಅಭ್ಯಾಸ ನನಗೆ ನಿಜಕ್ಕೂ ಆತಂಕ ತರುತ್ತದೆ. ಅಸ್ತಮಾ, ಹೃದ್ರೋಗ, ಫಿಟ್ಸ್, ಹಿಂದೊಮ್ಮೆ ಶ್ವಾಸಕೋಶದಿಂದ ಗಾಳಿ ಸೋರಿದ್ದು, ಕಿವಿಯ ಶಸ್ತ್ರಚಿಕಿತ್ಸೆ ಇವುಗಳಲ್ಲಿ ಯಾವುದಿದ್ದರೂ ಊರಲ್ಲಿರುವಾಗಲೇ ವೈದ್ಯರನ್ನು ಕಂಡು ಲಿಖಿತ ಅಭಿಪ್ರಾಯ ಪಡೆಯಬೇಕು. ಗರ್ಭಿಣಿಯರು ಇಳಿಯಲೇಬಾರದು.

ಇನ್ನು ಮರಳುವ ವಿಮಾನ. ಒತ್ತಡದಲ್ಲಿ ಉಸಿರಾಡಿದಾಗ ದೇಹದಲ್ಲಿ ಕರಗಿದ ನೈಟ್ರೋಜನ್ ನಿಧಾನವಾಗಿ ಹೊರಹೋಗಬೇಕು; ಅದಕ್ಕೂ ಮೊದಲೇ ಸುತ್ತಲಿನ ಒತ್ತಡ ಇಳಿದರೆ ಅದು ದೇಹದಲ್ಲೇ ಗುಳ್ಳೆಗಳಾಗಿ ಅಪಾಯ ತರಬಹುದು. ವಿಮಾನದೊಳಗಿನ ಒತ್ತಡವೋ ಸುಮಾರು 2,400 ಮೀಟರ್ ಎತ್ತರದ ಬೆಟ್ಟದಲ್ಲಿರುವಷ್ಟಕ್ಕೆ ಇಳಿಯಬಹುದು. ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಹಲವು ಡೈವ್‌ಗಳಾದರೆ ಕನಿಷ್ಠ 18 ಗಂಟೆ ಅಂತರ ಬೇಕು. ಕುಟುಂಬಗಳಿಗೆ ನಾನು ಪೂರ್ತಿ 24 ಗಂಟೆ ಹೇಳುತ್ತೇನೆ. ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ ಡೈವ್ ಮಾಡಿ, ಅದೇ ರಾತ್ರಿ ಘಟ್ಟ ಹತ್ತಿ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿಗೆ ಮರಳುವವರೂ ಈ ಅಂತರವನ್ನು ಪಾಲಿಸುವುದು ಒಳ್ಳೆಯದು.

ಅಂಡಮಾನಿನ ಕಡಲು ಸಾಮಾನ್ಯವಾಗಿ ಜನವರಿಯಿಂದ ಏಪ್ರಿಲ್‌ವರೆಗೆ ಶಾಂತವಾಗಿರುತ್ತದೆ. ದಸರಾ ರಜೆಯಲ್ಲಿ ಅಲ್ಲಿ ಇನ್ನೂ ಮಳೆಗಾಲ. ಆದ್ದರಿಂದ ನಮ್ಮ ಶಾಲಾ ಮಕ್ಕಳಿಗೆ ಬೇಸಿಗೆ ರಜೆಯ ಮೊದಲ ವಾರಗಳೇ ಹೆಚ್ಚು ಅನುಕೂಲ.